ಕೈಯಲ್ಲಿ ಎಂಟರ ಜೋಡಿ, ಮೇಜಿನ ಮೇಲೆ ರಾಣಿ: ಲಿಮಿಟ್ ಪೋಕರ್‌ನ ಒಂದು ಲೆಕ್ಕ

ಟಿ.ವಿ.ಯಲ್ಲಿ ಕಾಣುವ ಪೋಕರ್ ಬಹುಮಟ್ಟಿಗೆ ನೋ-ಲಿಮಿಟ್ ಆಟ. ಅಲ್ಲಿ ಆಟಗಾರ ಮನಸ್ಸು ಬಂದಾಗ ಮುಂದಿರುವ ಚಿಪ್ಪುಗಳನ್ನೆಲ್ಲ ಒಮ್ಮೆಗೇ ನೂಕಿ ಎದುರಾಳಿಯನ್ನು ಕಂಗಾಲು ಮಾಡಬಹುದು. ಆ ಆಟ ನೋಡಿ ಕಲಿತವರು ಲಿಮಿಟ್ ಮೇಜಿಗೆ ಬಂದಾಗ ಮೊದಲು ಎಡವುವುದು ಮಧ್ಯಮ ಜೋಡಿಗಳಲ್ಲಿ. ಕೈಗೆ ಎರಡು ಎಂಟು ಬಂದಿರುತ್ತವೆ. ಮೊದಲ ಮೂರು ಎಲೆ ಬೀಳುತ್ತವೆ, ಅದರಲ್ಲೊಂದು ರಾಣಿ. ಎದುರಿನವನು ಬೆಟ್ ಮಾಡುತ್ತಾನೆ. ಈಗೇನು? ಕೆಲವರು ದೊಡ್ಡ ಎಲೆ ಕಂಡ ಕೂಡಲೇ ಕೈ ಬಿಡುತ್ತಾರೆ. ಕೆಲವರು ಜೋಡಿಯ ಮೋಹಕ್ಕೆ ಕೊನೆಯವರೆಗೂ ದುಡ್ಡು ಕೊಡುತ್ತಾರೆ. ಎರಡೂ ಅಭ್ಯಾಸಗಳು ಅರ್ಧ ಸಲ ಸರಿಯಾಗಿಯೇ ಇರುತ್ತವೆ, ತೊಡಕು ಇರುವುದೇ ಅಲ್ಲಿ. ಯಾವ ಅರ್ಧ ಎಂಬುದನ್ನು ತಿಳಿಯಲು ಮೂರು ಸಂಗತಿ ನೋಡಬೇಕು: ಎದುರಿಗೆ ಎಷ್ಟು ಜನ, ಬಿದ್ದಿರುವುದು ಯಾವ ದೊಡ್ಡ ಎಲೆ, ಪಾಟ್‌ನಲ್ಲಿ ಎಷ್ಟಿದೆ.

ಮೊದಲು ಆಟದ ಚೌಕಟ್ಟು

ಇಲ್ಲಿ ಹೇಳುತ್ತಿರುವುದು ಟೆಕ್ಸಾಸ್ ಹೋಲ್ಡೆಮ್ ಎಂಬ ಪ್ರಕಾರದ ಬಗ್ಗೆ. ಪ್ರತಿಯೊಬ್ಬರಿಗೂ ಎರಡು ಗುಪ್ತ ಎಲೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳು ಮೂರು ಕಂತಿನಲ್ಲಿ ತೆರೆಯುತ್ತವೆ. ಮೊದಲು ಒಟ್ಟಿಗೆ ಮೂರು, ಅದು ಫ್ಲಾಪ್. ನಾಲ್ಕನೆಯದು ಟರ್ನ್, ಐದನೆಯದು ರಿವರ್. ಈ ಏಳರಲ್ಲಿ ಅತ್ಯುತ್ತಮ ಐದು ಎಲೆಗಳ ಕೈ ಯಾರದೋ ಅವರಿಗೆ ಪಾಟ್, ಅಂದರೆ ನಡುವೆ ಸೇರಿದ ಹಣ. ಆಟ ಶುರುವಾಗುವ ಮುನ್ನ ಇಬ್ಬರು ಕಡ್ಡಾಯವಾಗಿ ಹಾಕುವ ಹಣಕ್ಕೆ ಬ್ಲೈಂಡ್ ಎನ್ನುತ್ತಾರೆ.

ಲಿಮಿಟ್ ಆಟದಲ್ಲಿ ಬೆಟ್‌ನ ಗಾತ್ರ ಮೊದಲೇ ಗೊತ್ತು. ಫ್ಲಾಪ್‌ಗೆ ಮುನ್ನ ಮತ್ತು ಫ್ಲಾಪ್‌ನಲ್ಲಿ ಸಣ್ಣ ಬೆಟ್, ಟರ್ನ್ ಮತ್ತು ರಿವರ್‌ನಲ್ಲಿ ಅದರ ಎರಡರಷ್ಟು. ಬೆಟ್ ಬಂದಾಗ ಅಷ್ಟೇ ಹಣ ಕೊಟ್ಟು ಉಳಿಯುವುದು ಕಾಲ್, ಅದನ್ನು ಏರಿಸುವುದು ರೈಸ್, ಎಲೆ ಇಟ್ಟು ಹೊರಗುಳಿಯುವುದು ಫೋಲ್ಡ್. ಬೆಟ್ ಮಾಡದೆ ಸರದಿ ದಾಟಿಸುವುದು ಚೆಕ್. ಸಾಮಾನ್ಯವಾಗಿ ಒಂದು ಸುತ್ತಿಗೆ ಒಂದು ಬೆಟ್, ಮೂರು ರೈಸ್, ಅಲ್ಲಿಗೆ ಮಿತಿ. ಈ ಲೇಖನದಲ್ಲಿ ಸಣ್ಣ ಬೆಟ್ಟನ್ನು 1 ಎಂದೂ ದೊಡ್ಡದನ್ನು 2 ಎಂದೂ ಇಟ್ಟುಕೊಳ್ಳೋಣ. ಸ್ಮಾಲ್ ಬ್ಲೈಂಡ್ ಅರ್ಧ, ಬಿಗ್ ಬ್ಲೈಂಡ್ 1.

ಹರಾಜಿನಲ್ಲಿ ಪ್ರತಿ ಕೂಗೂ ಇಷ್ಟೇ ಏರಬೇಕು ಎಂದು ನಿಯಮವಿದ್ದರೆ ಶ್ರೀಮಂತನೊಬ್ಬ ಒಂದೇ ಏಟಿಗೆ ಬೆಲೆ ಹತ್ತು ಪಟ್ಟು ಏರಿಸಿ ಉಳಿದವರ ಬಾಯಿ ಮುಚ್ಚಿಸುವಂತಿಲ್ಲ. ಲಿಮಿಟ್ ಮೇಜಿನಲ್ಲೂ ಹಾಗೆಯೇ. ಯಾರನ್ನೂ ಬೆದರಿಸಿ ಓಡಿಸುವುದು ಸುಲಭವಲ್ಲ, ಆದರೆ ಕೊನೆಯವರೆಗೆ ಹೋದರೆ ನಮಗೆಷ್ಟು ಖರ್ಚು ಎಂಬುದನ್ನು ಮೊದಲೇ ಹೇಳಬಹುದು. ಈ ನಿಶ್ಚಿತತೆಯಿಂದಾಗಿಯೇ ಇಬ್ಬರು ಆಡುವ ಲಿಮಿಟ್ ಹೋಲ್ಡೆಮ್ ಅನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ‘ಸೆಫಿಯಸ್’ ಎಂಬ ಕಂಪ್ಯೂಟರ್ ಪ್ರೋಗ್ರಾಮ್‌ನಿಂದ ಹೆಚ್ಚುಕಡಿಮೆ ಪೂರ್ತಿ ಬಿಡಿಸಿಬಿಟ್ಟರು. ಆ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ನಮಗೆ ಅಷ್ಟೆಲ್ಲ ಬೇಡ, ಕೂಡುವುದು ಭಾಗಿಸುವುದು ಬಂದರೆ ಸಾಕು.

ಮಧ್ಯಮ ಜೋಡಿಯ ಕಷ್ಟ

ಗುಪ್ತ ಎಲೆಗಳೆರಡೂ ಒಂದೇ ಬೆಲೆಯವಾದರೆ ಅದು ಪಾಕೆಟ್ ಜೋಡಿ. ಸರಾಸರಿ 17 ಕೈಗಳಲ್ಲಿ ಒಂದು ಸಲ ಯಾವುದೋ ಒಂದು ಜೋಡಿ ಬರುತ್ತದೆ. ಅದರಲ್ಲಿ ಏಳು, ಎಂಟು, ಒಂಬತ್ತರ ಜೋಡಿಗಳನ್ನು ಮಧ್ಯಮ ಎನ್ನುವುದು ರೂಢಿ. ಆರು ಮತ್ತು ಹತ್ತನ್ನು ಕೆಲವರು ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ.

ಫ್ಲಾಪ್‌ಗೆ ಮುನ್ನ ಎಂಟರ ಜೋಡಿ ಒಳ್ಳೆಯ ಕೈ. ಎಕ್ಕ-ರಾಜ ಹಿಡಿದವನಿಗಿಂತಲೂ ಆ ಕ್ಷಣಕ್ಕೆ ಮುಂದೆಯೇ ಇರುತ್ತದೆ. ತೊಂದರೆ ಶುರುವಾಗುವುದು ಮೂರು ಎಲೆ ಬಿದ್ದ ಮೇಲೆ. ಫ್ಲಾಪ್‌ನಲ್ಲಿ ಎಂಟಕ್ಕಿಂತ ದೊಡ್ಡ ಎಲೆ ಒಂದಾದರೂ ಬೀಳುವ ಸಂಭವ ಸುಮಾರು ಶೇ 87. ಒಂಬತ್ತರ ಜೋಡಿಗೆ ಇದು ಶೇ 79, ಏಳರ ಜೋಡಿಗೆ ಶೇ 92. ಅಂದರೆ ದೊಡ್ಡ ಎಲೆ ಬೀಳುವುದು ದುರದೃಷ್ಟವೇನಲ್ಲ, ಅದೇ ಮಾಮೂಲು. ಅದನ್ನು ಕಂಡಾಗಲೆಲ್ಲ ಕೈ ಬಿಡುವವನು ಈ ಜೋಡಿಗಳನ್ನು ಆಡುವುದರಲ್ಲೇ ಅರ್ಥವಿಲ್ಲ.

ಇನ್ನೊಂದು ಸಂಗತಿ: ಹಿಂದೆ ಬಿದ್ದ ಜೋಡಿ ಮತ್ತೆ ಮೇಲೇಳುವುದು ಬಹಳ ಕಷ್ಟ. ನಮ್ಮನ್ನು ಉಳಿಸುವ ಎಲೆಗಳು ಉಳಿದ ಎರಡು ಎಂಟುಗಳು ಮಾತ್ರ. ಕಾಣದ 47 ಎಲೆಗಳಲ್ಲಿ ಎರಡು, ಅಂದರೆ ಟರ್ನ್‌ನಲ್ಲಿ ಎಂಟು ಬಾರದಿರುವುದಕ್ಕೂ ಬರುವುದಕ್ಕೂ ಇರುವ ಅನುಪಾತ 22.5ಕ್ಕೆ 1. ಟರ್ನ್, ರಿವರ್ ಎರಡನ್ನೂ ಸೇರಿಸಿದರೂ ಸಿಗುವ ಸಂಭವ ಶೇ 8.4 ಮಾತ್ರ. ‘ಇನ್ನೊಂದು ಎಲೆ ನೋಡಿಬಿಡೋಣ, ಎಂಟು ಬಂದರೂ ಬರಬಹುದು’ ಎಂದುಕೊಂಡು ಬೆಟ್ ಕೊಡುವವರಿಗೆ ಈ ಸಂಖ್ಯೆ ಉತ್ತರ ಹೇಳುತ್ತದೆ.

ಸೆಟ್ ಬಿದ್ದಾಗ

ಫ್ಲಾಪ್‌ನಲ್ಲಿಯೇ ಮೂರನೆಯ ಎಂಟು ಬಿದ್ದರೆ ಅದು ಸೆಟ್. ಸರಾಸರಿ ಎಂಟೂವರೆ ಸಲಕ್ಕೊಮ್ಮೆ ಈ ಭಾಗ್ಯ. ಇಲ್ಲಿ ಯೋಚನೆಗೆ ಹೆಚ್ಚು ಕೆಲಸವಿಲ್ಲ: ಬೆಟ್ ಮಾಡಿ, ಯಾರಾದರೂ ಬೆಟ್ ಮಾಡಿದರೆ ರೈಸ್ ಮಾಡಿ. ನೋ-ಲಿಮಿಟ್ ನೋಡಿ ಬಂದವರಿಗೆ ಸುಮ್ಮನಿದ್ದು ಬಲೆ ಬೀಸುವ ಆಸೆ ಇರುತ್ತದೆ. ಆದರೆ ಲಿಮಿಟ್‌ನಲ್ಲಿ ಬಿಟ್ಟುಕೊಟ್ಟ ಬೆಟ್ಟನ್ನು ಕೊನೆಯಲ್ಲಿ ಒಮ್ಮೆಗೇ ವಸೂಲು ಮಾಡುವ ದಾರಿಯಿಲ್ಲ. ಪ್ರತಿ ಸುತ್ತಿನಲ್ಲೂ ಒಂದೊಂದಾಗಿ ಪಾಟ್ ಬೆಳೆಸಬೇಕು. ಯಾರೋ ಫ್ಲಶ್, ಅಂದರೆ ಒಂದೇ ಚಿಹ್ನೆಯ ಐದು ಎಲೆ, ಪೂರ್ತಿ ಮಾಡಿಕೊಂಡರೂ ನಮಗೊಂದು ಹಿಂಬಾಗಿಲಿದೆ. ಫ್ಲಾಪ್‌ನ ಸೆಟ್ಟು ರಿವರ್ ಹೊತ್ತಿಗೆ ಫ್ಲಶ್ಶನ್ನು ಸೋಲಿಸುವ ಫುಲ್‌ಹೌಸ್ (ಒಂದೇ ಬೆಲೆಯ ಮೂರು, ಜೊತೆಗೊಂದು ಜೋಡಿ) ಅಥವಾ ಅದಕ್ಕೂ ಮೇಲಾಗುವ ಸಂಭವ ಮೂರರಲ್ಲೊಂದು.

ಸೆಟ್ ಬೀಳದ ಉಳಿದ ಶೇ 88ರಷ್ಟು ಸಲ ಏನು ಮಾಡಬೇಕು ಎಂಬುದೇ ನಿಜವಾದ ಪ್ರಶ್ನೆ.

ಎದುರಿಗೆ ಎಷ್ಟು ಜನ?

ಫ್ಲಾಪ್‌ನಲ್ಲಿ ರಾಜ ಬಿದ್ದಿದೆ ಎನ್ನೋಣ. ಎದುರಾಳಿ ಒಬ್ಬನೇ, ಅವನ ಕೈಯಲ್ಲಿ ಯಾವುದೋ ಎರಡು ಎಲೆ. ಅದರಲ್ಲಿ ರಾಜ ಇರುವ ಸಂಭವ ಶೇ 12.5. ಇಬ್ಬರಿದ್ದರೆ ಯಾರೋ ಒಬ್ಬರ ಬಳಿ ಇರುವ ಸಂಭವ ಶೇ 24. ಐವರಿದ್ದರೆ ಶೇ 52. ಇದು ಎಲೆಗಳನ್ನು ನೋಡದೆ ಆಡುವವರ ಲೆಕ್ಕ. ನಿಜವಾದ ಆಟಗಾರರು ರಾಜನನ್ನು ಉಳಿಸಿಕೊಂಡು ಎರಡು-ಏಳನ್ನು ಎಸೆಯುತ್ತಾರೆ, ಹಾಗಾಗಿ ವಾಸ್ತವದ ಸಂಖ್ಯೆ ಇನ್ನೂ ಮೇಲೆ.

ಆದ್ದರಿಂದ ನಾಲ್ಕೈದು ಜನ ಉಳಿದಿರುವ ಪಾಟ್‌ನಲ್ಲಿ ದೊಡ್ಡ ಎಲೆ ಬಿದ್ದು, ಒಬ್ಬ ಬೆಟ್ ಮಾಡಿ ಇನ್ನೊಬ್ಬ ಕಾಲ್ ಮಾಡಿದ್ದರೆ, ನಮ್ಮ ಎಂಟುಗಳನ್ನು ಕೆಳಗಿಡುವುದು ಸರಿ. ಅಲ್ಲಿ ನಮ್ಮ ಆಸೆಯೆಲ್ಲ ಆ ಎರಡು ಎಂಟುಗಳ ಮೇಲೆ. 22.5ಕ್ಕೆ 1ರ ಆಸೆಗೆ ತಕ್ಕ ಬೆಲೆಯನ್ನು ಐದಾರು ಬೆಟ್‌ಗಳ ಪಾಟ್ ಕೊಡುವುದಿಲ್ಲ.

ಆದರೆ ಅದೇ ಐವರ ಪಾಟ್‌ನಲ್ಲಿ ಆರು-ಐದು-ಎರಡು ಬಿದ್ದರೆ? ನಮ್ಮದು ಮೇಜಿನ ಎಲ್ಲ ಎಲೆಗಿಂತ ದೊಡ್ಡ ಜೋಡಿ. ಸದ್ಯಕ್ಕೆ ಬಹುಶಃ ನಾವೇ ಮುಂದೆ, ಆದರೆ ಹಿಂದಿರುವವರೆಲ್ಲರ ಕೈಯಲ್ಲೂ ನಮ್ಮನ್ನು ದಾಟಬಲ್ಲ ದೊಡ್ಡ ಎಲೆಗಳಿವೆ. ಪಾಟ್‌ನಲ್ಲಿ 5 ಇದೆ. ನಮಗಿಂತ ಸ್ವಲ್ಪ ಮುಂಚೆ ಆಡುವವನು 1 ಬೆಟ್ ಮಾಡಿದ. ನಾವು ಬರೀ ಕಾಲ್ ಮಾಡಿದರೆ ಪಾಟ್ 7 ಆಗುತ್ತದೆ, ಮುಂದಿನವನು 1 ಕೊಟ್ಟು 7ಕ್ಕೆ ಆಡುತ್ತಾನೆ. ಅವನ ಬಳಿ ರಾಜ-ಗುಲಾಮ ಇದ್ದರೆ ಉಪಯೋಗಕ್ಕೆ ಬರುವ ಎಲೆ ಆರು, ಟರ್ನ್‌ನಲ್ಲಿ ಅವು ಬಾರದಿರುವ ಅನುಪಾತ ಸುಮಾರು 6.8ಕ್ಕೆ 1. ಅವನಿಗೆ 7ಕ್ಕೆ 1 ಸಿಗುತ್ತಿದೆ, ಕಾಲ್ ಸರಿಯೇ. ನಾವು ರೈಸ್ ಮಾಡಿದರೆ ಪಾಟ್ 8, ಅವನು ಕೊಡಬೇಕಾದ್ದು 2. ಈಗ ಬೆಲೆ 4ಕ್ಕೆ 1. ಅದೇ ರಾಜ-ಗುಲಾಮ ಈಗ ಎಸೆಯಬೇಕಾದ ಕೈ. ಲಿಮಿಟ್‌ನಲ್ಲಿ ಜೋಡಿಯನ್ನು ಕಾಪಾಡುವುದು ಎಂದರೆ ಇಷ್ಟೇ: ಹಿಂದಿರುವವರು ಒಂದರ ಬದಲು ಎರಡು ಬೆಟ್ ಕೊಡುವಂತೆ ಮಾಡುವುದು. ಬೆಟ್ ನಮ್ಮ ಪಕ್ಕದಿಂದಲೇ ಬಂದರೆ ಇದು ಸಾಧ್ಯ. ಎಲ್ಲರೂ ಆಡಿ ಮುಗಿಸಿದ ಮೇಲೆ ನಮ್ಮ ಸರದಿ ಬಂದರೆ ಈ ಉಪಾಯ ನಡೆಯುವುದಿಲ್ಲ.

ಎಲ್ಲ ದೊಡ್ಡ ಎಲೆಗಳೂ ಒಂದೇ ಅಲ್ಲ

ಎದುರಾಳಿ ಒಬ್ಬನೇ ಆದಾಗ ಲೆಕ್ಕ ಸ್ವಾರಸ್ಯಕರವಾಗುತ್ತದೆ. ಒಂದು ಕೈಯನ್ನು ಹತ್ತಿರದಿಂದ ನೋಡೋಣ.

ಎಚ್ಚರಿಕೆಯ ಆಟಗಾರನೊಬ್ಬ ಫ್ಲಾಪ್‌ಗೆ ಮುನ್ನ ರೈಸ್ ಮಾಡಿದ. ಉಳಿದವರೆಲ್ಲ ಎಲೆ ಇಟ್ಟರು. ಬಿಗ್ ಬ್ಲೈಂಡ್‌ನಲ್ಲಿರುವ ನಾವು ಎಂಟರ ಜೋಡಿಯಿಂದ ಕಾಲ್ ಮಾಡಿದೆವು. ಪಾಟ್‌ನಲ್ಲಿ 4.5. ಈತ ರೈಸ್ ಮಾಡುವುದು ಒಂಬತ್ತರಿಂದ ಎಕ್ಕದವರೆಗಿನ ಜೋಡಿಗಳಲ್ಲಿ, ಜೊತೆಗೆ ಎಕ್ಕ-ರಾಜ, ಎಕ್ಕ-ರಾಣಿ, ಎಕ್ಕ-ಗುಲಾಮ, ರಾಜ-ರಾಣಿಯಲ್ಲಿ ಮಾತ್ರ ಎಂದುಕೊಳ್ಳೋಣ. ಒಂದು ಜೋಡಿ ಆರು ಬಗೆಯಲ್ಲಿ ಬರಬಹುದು. ಆರು ಜೋಡಿಗಳಿಗೆ 36 ಬಗೆ. ಜೋಡಿಯಲ್ಲದ ಒಂದೊಂದು ಕೈ 16 ಬಗೆಯಲ್ಲಿ ಬರುತ್ತದೆ, ನಾಲ್ಕಕ್ಕೆ 64. ಒಟ್ಟು ಸರಿಯಾಗಿ 100, ಲೆಕ್ಕ ಕಲಿಯುವವರಿಗೆ ಅನುಕೂಲವಾಗಲೆಂದೇ ಇಟ್ಟಂತೆ. ಆ ನೂರರಲ್ಲಿ 36 ನಮಗಿಂತ ಮುಂದೆ, 64 ಹಿಂದೆ.

ಫ್ಲಾಪ್‌ನಲ್ಲಿ ಆರು, ಮೂರು ಮತ್ತು ಒಂದು ದೊಡ್ಡ ಎಲೆ ಬೀಳಲಿ. ಆ ದೊಡ್ಡ ಎಲೆ ಹತ್ತಾದರೆ ಅವನ ಜೋಡಿಯಲ್ಲದ ಕೈಗಳಲ್ಲಿ ಒಂದಕ್ಕೂ ಅದು ತಾಗಲಿಲ್ಲ. ಮಾತ್ರವಲ್ಲ, ಒಂದು ಹತ್ತು ಮೇಜಿಗೆ ಬಂದದ್ದರಿಂದ ಹತ್ತರ ಜೋಡಿ ಬರುವ ಬಗೆಗಳು ಆರರಿಂದ ಮೂರಕ್ಕೆ ಇಳಿದವು. ಈಗ 97ರಲ್ಲಿ 64 ಬಗೆಗಳಿಗೆ ನಾವು ಮುಂದೆ, ಅಂದರೆ ಶೇ 66. ಫ್ಲಾಪ್‌ಗೆ ಮುನ್ನ ಇದ್ದದ್ದಕ್ಕಿಂತ ನಮ್ಮ ಸ್ಥಿತಿ ತುಸು ಸುಧಾರಿಸಿತು! ಹತ್ತನ್ನು ಕಂಡು ಹೆದರಿ ಎಲೆ ಇಟ್ಟವನು ದುಡ್ಡು ದಾನ ಮಾಡಿದ ಹಾಗೆ.

ಗುಲಾಮ ಬಿದ್ದರೆ ಎಕ್ಕ-ಗುಲಾಮ ಜೋಡಿಯಾಗುತ್ತದೆ. ಆಗ 93ರಲ್ಲಿ 48 ಬಗೆಗಳಿಗೆ ನಾವು ಮುಂದೆ, ಶೇ 52. ರಾಣಿ ಬಿದ್ದರೆ ಎರಡು ಕೈಗಳಿಗೆ ತಾಗಿತು: 89ರಲ್ಲಿ 32, ಶೇ 36. ರಾಜ ಬಿದ್ದರೂ ಅದೇ ಶೇ 36. ಎಕ್ಕ ಬಿತ್ತೋ, ಜೋಡಿಯಲ್ಲದ ನಾಲ್ಕರಲ್ಲಿ ಮೂರು ಕೈಗಳಿಗೆ ತಾಗಿದಂತೆ. ರಾಜ-ರಾಣಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ನಮಗಿಂತ ಮುಂದೆ: 85ರಲ್ಲಿ 16, ಶೇ 19.

ರಾಣಿ ಒಂದರ ಬದಲು ಎರಡು ಬಿದ್ದರೆ, ಅಂದರೆ ರಾಣಿ-ರಾಣಿ-ನಾಲ್ಕು, ನೋಡಲು ಭಯ ಹುಟ್ಟಿಸುವಂತಿರುತ್ತದೆ. ಆದರೆ ಎದುರಾಳಿಯ ಕೈಯಲ್ಲಿರಬಹುದಾದ ರಾಣಿಗಳು ಮೂರರಿಂದ ಎರಡಕ್ಕೆ ಇಳಿದಿರುತ್ತವೆ. ನಾವು ಮುಂದಿರುವ ಸಂಭವ ಶೇ 36ರಿಂದ 40ಕ್ಕೆ ಏರುತ್ತದೆ.

ಈ ಸಂಖ್ಯೆಗಳೆಲ್ಲ ಒಬ್ಬ ಎಚ್ಚರಿಕೆಯ ಆಟಗಾರನವು. ಕೊನೆಯ ಸ್ಥಾನದಲ್ಲಿ ಕುಳಿತು ಬ್ಲೈಂಡ್ ಕದಿಯಲು ಸಿಕ್ಕಸಿಕ್ಕ ಎಲೆಗೆ ರೈಸ್ ಮಾಡುವವನಾದರೆ ಅವನ ಪಟ್ಟಿಗೆ ಸಣ್ಣ ಜೋಡಿಗಳೂ ಬಗೆಬಗೆಯ ಸಾಧಾರಣ ಕೈಗಳೂ ಸೇರುತ್ತವೆ, ರಾಣಿಯ ಭಯ ಕಡಿಮೆಯಾಗುತ್ತದೆ.

ಪಾಟ್‌ನಲ್ಲಿ ಎಷ್ಟಿದೆ?

ಮುಂದಿರುವ ಸಂಭವ ಅರ್ಧಕ್ಕಿಂತ ಕಡಿಮೆ ಎಂದ ಮಾತ್ರಕ್ಕೆ ಎಲೆ ಇಡಬೇಕಿಲ್ಲ, ಏಕೆಂದರೆ ಪಾಟ್‌ನಲ್ಲಿ ಆಗಲೇ ಹಣವಿದೆ. ಮೇಲಿನ ಕೈಯಲ್ಲಿ ಎದುರಾಳಿ ಮೂರೂ ಸುತ್ತಿನಲ್ಲಿ ಬೆಟ್ ಮಾಡಿದರೆ ನಮ್ಮ ಖರ್ಚು 1, 2, 2, ಒಟ್ಟು 5. ಗೆದ್ದರೆ ಸಿಗುವುದು ಪಾಟ್‌ನ 4.5 ಮತ್ತು ಅವನು ಹಾಕುವ 5, ಒಟ್ಟು 9.5. ಹಾಗಾದರೆ 14.5ರಲ್ಲಿ 5, ಅಂದರೆ ಶೇ 34.5ರಷ್ಟು ಸಲ ಗೆದ್ದರೆ ಅಸಲಿಗೆ ಮೋಸವಿಲ್ಲ.

ನಾವು ಎಷ್ಟು ಸಲ ಗೆಲ್ಲುತ್ತೇವೆ? ಈಗ ಹಿಂದಿರುವವನು ಎರಡು ದೊಡ್ಡ ಎಲೆ ಹಿಡಿದಿದ್ದರೆ ಟರ್ನ್-ರಿವರ್‌ನಲ್ಲಿ ನಾಲ್ಕರಲ್ಲಿ ಒಂದು ಸಲ ನಮ್ಮನ್ನು ದಾಟುತ್ತಾನೆ. ನಾವು ಹಿಂದಿದ್ದರೆ ಸುಮಾರು ಶೇ 8 ಸಲ ಎಂಟು ಬಂದು ನಾವು ದಾಟುತ್ತೇವೆ. ಎರಡನ್ನೂ ಸೇರಿಸಿದರೆ ಗೆಲುವಿನ ಸಂಭವ ಹತ್ತು ಬಿದ್ದಾಗ ಸುಮಾರು ಶೇ 52, ಗುಲಾಮ ಬಿದ್ದಾಗ 43, ರಾಣಿ ಅಥವಾ ರಾಜ ಬಿದ್ದಾಗ 32, ಎಕ್ಕ ಬಿದ್ದಾಗ 21. ಮೊದಲೆರಡರಲ್ಲಿ ಧೈರ್ಯವಾಗಿ ಕೊನೆಯವರೆಗೆ ಹೋಗಬಹುದು. ಎಕ್ಕ ಬಿದ್ದರೆ ಎಲೆ ಇಡುವುದೇ ಸರಿ. ರಾಣಿ, ರಾಜ ಮಾತ್ರ ಗಡಿಯ ಮೇಲೆ ಕುಳಿತಿವೆ, ಬೇಕಾದ್ದಕ್ಕಿಂತ ಎರಡೂವರೆ ಕಡಿಮೆ.

ಗಡಿಯ ಮೇಲಿರುವ ಕೈಯನ್ನು ಆಚೆ ಈಚೆ ತಳ್ಳುವುದು ಚಿಲ್ಲರೆ ಸಂಗತಿಗಳೇ. ಸ್ಮಾಲ್ ಬ್ಲೈಂಡ್‌ನವನೂ ತನ್ನ ಪಾಲಿನ 2 ಪೂರ್ತಿ ಹಾಕಿ ಒಳಬಂದು, ಫ್ಲಾಪ್‌ನ ಬೆಟ್ ಕಂಡು ಎಲೆ ಇಟ್ಟ ಎನ್ನಿ. ಪಾಟ್ 4.5ರ ಬದಲು 6 ಆಯಿತು, ಬೇಕಾದ ಗೆಲುವು ಶೇ 31ಕ್ಕೆ ಇಳಿಯಿತು. ನಮ್ಮದು 32. ಯಾರೋ ಬಿಟ್ಟುಹೋದ ಒಂದೂವರೆ ಬೆಟ್ಟಿನಿಂದಾಗಿ ಫೋಲ್ಡ್ ಎಂಬುದು ಕಾಲ್ ಆಗಿಬಿಟ್ಟಿತು.

ಎದುರಾಳಿಯ ಸ್ವಭಾವವೂ ಲೆಕ್ಕಕ್ಕೆ ಬರುತ್ತದೆ. ಏನೂ ತಾಗದಿದ್ದರೆ ರಿವರ್‌ನಲ್ಲಿ ಸುಮ್ಮನಾಗುವವನಾದರೆ, ಅವನು ರಿವರ್‌ನಲ್ಲೂ ಬೆಟ್ ಮಾಡಿದ ದಿನ ನಾವು ಎಲೆ ಇಡಬಹುದು. ಸೋಲಿನ ಖರ್ಚು 5ರ ಬದಲು 3ಕ್ಕೆ ನಿಲ್ಲುತ್ತದೆ. ಟರ್ನ್‌ನ ದೊಡ್ಡ ಬೆಟ್ಟನ್ನು ಬರಿಗೈಯಲ್ಲಿ ಎಂದೂ ಹಾಕದ ಅಂಜುಬುರುಕನಾದರೆ ಟರ್ನ್‌ನಲ್ಲೇ ಉತ್ತರ ಸಿಕ್ಕಂತೆ.

ರೈಸ್ ಮಾಡುವುದು ಫ್ಲಾಪ್‌ನಲ್ಲೋ ಟರ್ನ್‌ನಲ್ಲೋ?

ಗುಲಾಮ-ಆರು-ಮೂರು ಬಿದ್ದಿದೆ, ನಾವು ಮುಂದಿರುವ ಸಂಭವವೇ ಹೆಚ್ಚು ಎಂದು ಗೊತ್ತಾಯಿತು. ಎದುರಾಳಿ 1 ಬೆಟ್ ಮಾಡಿದ, ನಾವು 2ಕ್ಕೆ ಏರಿಸಿದೆವು. ಪಾಟ್ 7.5, ಅವನು ಕೊಡಬೇಕಾದ್ದು 1. ಎಕ್ಕ-ರಾಜ ಹಿಡಿದವನಿಗೆ ಬೇಕಾದ್ದು 6.8ಕ್ಕೆ 1, ಸಿಗುತ್ತಿರುವುದು 7.5ಕ್ಕೆ 1. ಅವನು ನಿಶ್ಚಿಂತೆಯಿಂದ ಕಾಲ್ ಮಾಡಬಹುದು. ಫ್ಲಾಪ್‌ನ ರೈಸ್ ಅವನನ್ನು ಓಡಿಸಲಿಲ್ಲ.

ಟರ್ನ್‌ನಲ್ಲಿ ಬೆಟ್ ಇಮ್ಮಡಿಯಾಗುತ್ತದೆ. ಪಾಟ್‌ನಲ್ಲಿ 8.5 ಇದೆ, ನಾವು 2 ಹಾಕಿದೆವು. ಅವನಿಗೀಗ 10.5ಕ್ಕೆ 2, ಅಂದರೆ 5.25ಕ್ಕೆ 1. ಬೇಕಾದ್ದು 6.7ಕ್ಕೆ 1. ಎಕ್ಕವೋ ರಾಜನೋ ಬಂದರೆ ರಿವರ್‌ನಲ್ಲಿ ನಮ್ಮಿಂದ ಇನ್ನೊಂದು ಬೆಟ್ ಸಿಗುತ್ತದೆ ಎಂದು ಸೇರಿಸಿಕೊಂಡರೂ 6.25ಕ್ಕೇ ನಿಲ್ಲುತ್ತದೆ. ಇಲ್ಲಿ ಅವನು ಎಲೆ ಇಟ್ಟರೂ ನಮಗೆ ಲಾಭ, ಕಾಲ್ ಮಾಡಿದರೂ ಲಾಭ. ಅನುಭವಿಗಳು ಕೆಲವೊಮ್ಮೆ ಫ್ಲಾಪ್‌ನಲ್ಲಿ ಸುಮ್ಮನೆ ಕಾಲ್ ಮಾಡಿ, ಟರ್ನ್‌ನ ದೊಡ್ಡ ಬೆಟ್ ಬಂದಾಗ ರೈಸ್ ಮಾಡುವುದು ಇದೇ ಕಾರಣಕ್ಕೆ. ಟರ್ನ್‌ನಲ್ಲಿ ಎದುರಾಳಿ ಬೆಟ್ ಮಾಡದೆ ಚೆಕ್ ಮಾಡಿಬಿಟ್ಟರೆ ಅವನಿಗೆ ಒಂದು ಎಲೆ ಪುಕ್ಕಟೆ ಸಿಕ್ಕಂತಾಗುತ್ತದೆ, ಅದು ಈ ತಂತ್ರದ ಅಪಾಯ.

ರಾಣಿ, ರಾಜ ಬಿದ್ದ ಗಡಿ ಕೈಗಳಲ್ಲಿ ರೈಸ್‌ಗೆ ಅಷ್ಟು ಬೆಲೆಯಿಲ್ಲ. ನಮಗಿಂತ ಮುಂದಿರುವವನು ಅದರಿಂದ ಎಲೆ ಇಡುವುದಿಲ್ಲ, ಬದಲಿಗೆ ಮತ್ತೆ ಏರಿಸುತ್ತಾನೆ. ಹಿಂದಿರುವವನು ಬರಿಗೈಯಲ್ಲಿ ಬೆಟ್ ಮಾಡುತ್ತಿದ್ದರೆ ಅದನ್ನು ನಿಲ್ಲಿಸಿಬಿಡುತ್ತಾನೆ. ಕಾಲ್ ಮಾಡುತ್ತ ಹೋದರೆ ಖರ್ಚಿಗೊಂದು ಮಿತಿ ಇರುತ್ತದೆ.

ರಿವರ್‌ನಲ್ಲಿ

ಕೊನೆಯ ಎಲೆ ಬಿದ್ದ ಮೇಲೆ ಮುಂದೆ ಹೋಗುವ ಸಂಭವ, ದಾಟುವ ಸಂಭವ ಎಂಬುದೆಲ್ಲ ಮುಗಿಯಿತು. ಫ್ಲಾಪ್‌ನಲ್ಲೂ ಟರ್ನ್‌ನಲ್ಲೂ ಒಂದೊಂದು ಬೆಟ್‌ಗೆ ಕಾಲ್ ಆಗಿದ್ದರೆ ನಮ್ಮ ಪಾಟ್ 10.5. ಎದುರಾಳಿ 2 ಹಾಕಿದ. ನಮಗೆ ಸಿಗುತ್ತಿರುವುದು 12.5ಕ್ಕೆ 2. ಏಳು ಸಲದಲ್ಲಿ ಒಂದು ಸಲ ಅವನದು ಸುಳ್ಳು ಬೆಟ್ ಆಗಿದ್ದರೂ ಕಾಲ್‌ನಿಂದ ನಷ್ಟವಿಲ್ಲ. ಟರ್ನ್‌ವರೆಗೆ ಹಣ ಕೊಟ್ಟು ಬಂದು, ಇಲ್ಲಿ ಕಾರಣವಿಲ್ಲದೆ ಎಲೆ ಇಡುವುದು ಲಿಮಿಟ್ ಆಟದ ದುಬಾರಿ ತಪ್ಪುಗಳಲ್ಲೊಂದು. ತಪ್ಪಾಗಿ ಕಾಲ್ ಮಾಡಿದರೆ ಹೋಗುವುದು 2, ತಪ್ಪಾಗಿ ಎಲೆ ಇಟ್ಟರೆ ಹೋಗುವುದು 12.5.

ನಾವು ಬಿಗ್ ಬ್ಲೈಂಡ್‌ನಲ್ಲಿರದೆ ಕೊನೆಗೆ ಆಡುವವರಾಗಿದ್ದು, ಎದುರಾಳಿ ಚೆಕ್ ಮಾಡಿ ನಮ್ಮ ಸರದಿ ಬಂದಾಗ ಪ್ರಶ್ನೆ ಬೇರೆ. ನಾವು ಬೆಟ್ ಮಾಡಿದರೆ ಎಂಟರ ಜೋಡಿಗಿಂತ ಕೀಳು ಕೈಯಿಂದ ಕಾಲ್ ಮಾಡುವವರು ಯಾರು? ಬರೀ ಎಕ್ಕವೊಂದನ್ನು ಹಿಡಿದು ಕುತೂಹಲಕ್ಕೆ ಹಣ ಕೊಡುವವನಾದರೆ ಬೆಟ್ ಮಾಡಬಹುದು. ಇಲ್ಲವಾದರೆ ನಾವೂ ಚೆಕ್ ಮಾಡಿ ಎಲೆ ತೋರಿಸುವುದು ಮೇಲು. ನಾವು 2 ಹಾಕಿ ಅವನು ಅದನ್ನು 4ಕ್ಕೆ ಏರಿಸಿದರೆ ಪಾಟ್ 16.5, ಕೊಡಬೇಕಾದ್ದು 2. ಒಂಬತ್ತಕ್ಕೊಂದು ಸಲ ಗೆದ್ದರೂ ಸಾಕು ಎನ್ನುವಷ್ಟು ಅಗ್ಗದ ಬೆಲೆ. ಆದರೂ ಇಲ್ಲಿ ಬಹುತೇಕ ಎದುರಾಳಿಗಳ ವಿರುದ್ಧ ಫೋಲ್ಡ್ ಸರಿ, ಏಕೆಂದರೆ ರಿವರ್‌ನಲ್ಲಿ ಬೆಟ್‌ನ ಮೇಲೆ ರೈಸ್ ಮಾಡುವವರ ಕೈಯಲ್ಲಿ ಎಂಟರ ಜೋಡಿಗಿಂತ ಕೀಳು ಎಲೆಗಳು ಅಷ್ಟೊಂದು ಸಲವೂ ಇರುವುದಿಲ್ಲ.